ಡ್ರಿಪ್ ಸೋರಿದೆಯೇ? ಕ್ಯಾನುಲಾ ಕೀಳುವ ಮೊದಲು ನಿಲ್ಲಿ

ಡ್ರಿಪ್ ಹಾಕಿದ ಕೈ ಊದಿದೆ, ರೋಗಿ "ಸಿಸ್ಟರ್, ಉರೀತಿದೆ" ಅನ್ನುತ್ತಿದ್ದಾರೆ. ವಾರ್ಡಿನಲ್ಲಿ ನಾವೆಲ್ಲ ಮಾಡುವುದು ಒಂದೇ: "ಐವಿ ಔಟ್ ಆಗಿದೆ" (ಡ್ರಿಪ್ ರಕ್ತನಾಳದ ಹೊರಗೆ ಸೋರಿದೆ) ಎಂದು ಕ್ಯಾನುಲಾ (ನಾಳದೊಳಗಿನ ಸಣ್ಣ ಕೊಳವೆ) ಕಿತ್ತು, ಹತ್ತಿ ಒತ್ತಿ, ಐಸ್ ಇಟ್ಟು, ಇನ್ನೊಂದು ಕೈಗೆ ಹಾಕುವುದು. ಹೋಗುತ್ತಿದ್ದದ್ದು ಬರೀ ನಾರ್ಮಲ್ ಸಲೈನ್ ಆಗಿದ್ದರೆ ಸಾಮಾನ್ಯವಾಗಿ ಇಷ್ಟು ಸಾಕು. ಬಿಪಿ ಏರಿಸುವ ನಾರ್‌ಅಡ್ರಿನಲಿನ್, ಕ್ಯಾಲ್ಸಿಯಂ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, 25% ಡೆಕ್ಸ್‌ಟ್ರೋಸ್ (ಗ್ಲೂಕೋಸ್ ದ್ರಾವಣ), ಕ್ಯಾನ್ಸರ್‌ಗೆ ಕೊಡುವ ಡಾಕ್ಸೋರುಬಿಸಿನ್, ವಿನ್‌ಕ್ರಿಸ್ಟಿನ್ ಸೋರಿದ್ದರೆ ಸಾಲದು. ಇವು ಚರ್ಮ, ಕೊಬ್ಬು, ಸ್ನಾಯುರಜ್ಜುಗಳನ್ನೇ ಕೊಲ್ಲಬಲ್ಲವು.

ಮೊದಲು ಡ್ರಿಪ್ ನಿಲ್ಲಿಸಿ. ಕ್ಯಾನುಲಾ ಅಲ್ಲೇ ಇರಲಿ. ಟ್ಯೂಬ್ ಬಿಡಿಸಿ, 5 ಮಿಲಿ ಸಿರಿಂಜ್ ಸಿಕ್ಕಿಸಿ, ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಬರುವುದು ಒಂದೆರಡು ಹನಿಯಾದರೂ ಅಷ್ಟು ಔಷಧಿ ಕಡಿಮೆಯಾದಂತೆ. "ಲೈನ್ ಹೋಗ್ತಿದೆಯಾ ನೋಡೋಣ" ಎಂದು ಸಲೈನ್ ತಳ್ಳಿ ಫ್ಲಶ್ ಮಾಡಲೇಬೇಡಿ, ಉಳಿದದ್ದೂ ಒಳಗೆ ಹೋಗುತ್ತದೆ. ಉಜ್ಜಬೇಡಿ, ಒತ್ತಬೇಡಿ. ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ, ಫೋಟೋ ತೆಗೆಯಿರಿ, ಕೈ ಎತ್ತರದಲ್ಲಿಡಿ.

ಐಸ್ ಇಡುವ ಮುನ್ನ ಔಷಧಿ ಯಾವುದೆಂದು ನೋಡಲೇಬೇಕು. ಡಾಕ್ಸೋರುಬಿಸಿನ್ ಗುಂಪಿಗೆ ತಂಪು ಸರಿ: ಬಟ್ಟೆ ಸುತ್ತಿದ ಐಸ್, ಪ್ರತಿ ಸಲ 20 ನಿಮಿಷ, ದಿನಕ್ಕೆ ನಾಲ್ಕು ಸಲ, ಒಂದೆರಡು ದಿನ. ವಿನ್‌ಕ್ರಿಸ್ಟಿನ್‌ಗೆ ತಂಪು ಕೊಟ್ಟರೆ ಹುಣ್ಣು ಹೆಚ್ಚುತ್ತದೆ, ಅದಕ್ಕೆ ಬೇಕಾದದ್ದು ಬೆಚ್ಚನೆಯ ಶಾಖ. ನಾರ್‌ಅಡ್ರಿನಲಿನ್ ಮೊದಲೇ ರಕ್ತನಾಳಗಳನ್ನು ಬಿಗಿಸಿ ಚರ್ಮವನ್ನು ಬಿಳಿಚಿಸಿ ತಣ್ಣಗೆ ಮಾಡಿರುತ್ತದೆ. ಅದರ ಮೇಲೆ ಐಸ್ ಇಟ್ಟರೆ ಉಳಿದ ರಕ್ತಸಂಚಾರಕ್ಕೂ ಕುತ್ತು.

ನಾರ್‌ಅಡ್ರಿನಲಿನ್‌ನಲ್ಲಿ ಇನ್ನೊಂದು ಅಪಾಯವಿದೆ. ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಬಿಪಿ ಕುಸಿಯುತ್ತದೆ. ಹಾಗಾಗಿ ಒಬ್ಬರು ಇಲ್ಲಿ ನಿಲ್ಲಿಸುವಾಗಲೇ ಇನ್ನೊಬ್ಬರು ಬೇರೆ ಲೈನ್‌ನಲ್ಲಿ ಶುರು ಮಾಡಬೇಕು. ಆಮೇಲೆ ಡಾಕ್ಟರ ಆದೇಶದಂತೆ, ಬಿಗಿದ ರಕ್ತನಾಳಗಳನ್ನು ಸಡಿಲಿಸುವ ಫೆಂಟೋಲಮಿನ್ 5ರಿಂದ 10 ಮಿಗ್ರಾಂ 10 ಮಿಲಿ ಸಲೈನ್‌ನಲ್ಲಿ ಬೆರೆಸಿ, ಬಿಳಿಚಿದ ಜಾಗದಲ್ಲೆಲ್ಲ ಸಣ್ಣ ಸೂಜಿಯಿಂದ ಚರ್ಮದಡಿ ಹಾಕುತ್ತಾರೆ. ಸೋರಿದ 12 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಕೆಲಸ ಮಾಡಿದರೆ ಬಣ್ಣ ನೋಡುತ್ತಿದ್ದಂತೆಯೇ ಮರಳುತ್ತದೆ. ಫೆಂಟೋಲಮಿನ್ ಇಲ್ಲದಿದ್ದರೆ ಟರ್ಬ್ಯುಟಲಿನ್ 1 ಮಿಗ್ರಾಂ, ಅದೂ 10 ಮಿಲಿ ಸಲೈನ್‌ನಲ್ಲಿ. ಎರಡರಲ್ಲೂ ಬಿಪಿ, ನಾಡಿಯ ಮೇಲೆ ಕಣ್ಣಿರಲಿ.

ವಿನ್‌ಕ್ರಿಸ್ಟಿನ್‌ಗೆ ಹಯಲ್ಯುರೊನಿಡೇಸ್ (ಸೋರಿದ ಔಷಧಿ ಹರಡಿ ಹೀರಿಹೋಗಲು ನೆರವಾಗುವ ಕಿಣ್ವ) ಬೇಕು. ಫಾರ್ಮಸಿಯಲ್ಲಿ ಇಲ್ಲ ಎಂದರೆ ಕಣ್ಣಿನ ಓಟಿಯಲ್ಲಿ ಕೇಳಿ, ಅರಿವಳಿಕೆ ಚುಚ್ಚುಮದ್ದಿನ ಜೊತೆ ಅವರು ಅದನ್ನೇ ಬಳಸುತ್ತಾರೆ. 1500 ಯೂನಿಟ್‌ನ ವಯಲ್‌ಗೆ ಒಟ್ಟು 10 ಮಿಲಿ ಸಲೈನ್ ಬೆರೆಸಿದರೆ ಮಿಲಿಗೆ 150 ಯೂನಿಟ್. ಅದರಲ್ಲಿ 1 ಮಿಲಿಯನ್ನು ಐದು ಪಾಲು ಮಾಡಿ, 0.2 ಮಿಲಿಯಂತೆ ಊತದ ಸುತ್ತ ಚರ್ಮದಡಿ ಹಾಕಿ, ಪ್ರತಿ ಸಲ ಹೊಸ ಸೂಜಿ. ಇದನ್ನು ನಾರ್‌ಅಡ್ರಿನಲಿನ್‌ಗೂ ಡಾಕ್ಸೋರುಬಿಸಿನ್‌ಗೂ ಬಳಸಬೇಡಿ.

ಡಾಕ್ಸೋರುಬಿಸಿನ್‌ಗೆ ಡೆಕ್ಸ್‌ರಜಾಕ್ಸೇನ್ ಎಂಬ ಪ್ರತ್ಯೌಷಧಿ ಇದೆ, ಸೋರಿದ 6 ಗಂಟೆಯೊಳಗೆ ಇನ್ನೊಂದು ಕೈಯಲ್ಲಿ ಆರಂಭಿಸಬೇಕು. ಕೊಡುವ 15 ನಿಮಿಷ ಮೊದಲು ಐಸ್ ತೆಗೆಯಬೇಕು.

ಸೋರಿದರೆ ಡ್ರಿಪ್ ತಳ್ಳುವ ಪಂಪ್ ಕೂಗುತ್ತದೆ ಎಂಬ ನಂಬಿಕೆ ಅಪಾಯಕಾರಿ. ಅದರ ಅಲಾರಂ ಗುರುತಿಸುವುದು ಒತ್ತಡ ಹೆಚ್ಚಿದ್ದನ್ನು, ಸೋರಿಕೆಯನ್ನಲ್ಲ. ಸಡಿಲವಾದ ಚರ್ಮದಡಿ ಔಷಧಿ ತುಂಬುತ್ತಿದ್ದರೂ ಪಂಪ್ ಸುಮ್ಮನೆ ತಳ್ಳುತ್ತಲೇ ಇರುತ್ತದೆ, ಶಿಶುಗಳಲ್ಲಂತೂ ಇದು ಬಹಳ ಕೆಟ್ಟದ್ದು. ಕ್ಯಾನುಲಾ ಮೇಲೆ ಗಾಜ್ ಸುತ್ತಬೇಡಿ, ಪಾರದರ್ಶಕ ಡ್ರೆಸ್ಸಿಂಗ್ ಹಾಕಿ. ಇಂಥ ಔಷಧಿಗಳಿಗೆ ಅಂಗೈಯ ಹಿಂಬದಿಯಾಗಲಿ ಮಣಿಕಟ್ಟಾಗಲಿ ಬೇಡ, ಮೊಣಕೈ ಕೆಳಗಿನ ಮಾಂಸಲ ಭಾಗ ಇರಲಿ.

ಬೆರಳು ಬಿಡಿಸಿದರೆ ಚೀರುವಷ್ಟು ನೋವು, ಗಟ್ಟಿಯಾಗಿ ಬಿಗಿದ ತೋಳು, ಜೋಮು ಕಂಡರೆ ಕಾಯದೆ ಸರ್ಜನ್‌ಗೆ ಫೋನ್ ಮಾಡಿ. ಡಾಕ್ಸೋರುಬಿಸಿನ್ ಹುಣ್ಣು ಮಾತ್ರ ದಿನಗಳು, ವಾರಗಳು ಕಳೆದ ಮೇಲೂ ಬಾಯಿ ಬಿಡಬಹುದು. ಅದಕ್ಕೇ ಡಿಸ್ಚಾರ್ಜ್ ಚೀಟಿಯಲ್ಲಿ ಸೋರಿದ ಔಷಧಿಯ ಹೆಸರು, ಅಂದಾಜು ಪ್ರಮಾಣ, ಜಾಗ ಬರೆದು ವಾರದೊಳಗೆ ಮತ್ತೆ ಬರಹೇಳಿ.