ಕ್ವಾರೆಸ್ಮಾನ ಹೊರಪಾದ

2018ರ ಜೂನ್ 25, ಸೋಮವಾರ. ರಾತ್ರಿ ಹನ್ನೆರಡು ದಾಟಿತ್ತು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಟಿವಿ ಸೌಂಡ್ ಪೂರ್ತಿ ಇಳಿಸಿ ಪೋರ್ಚುಗಲ್–ಇರಾನ್ ಫುಟ್‌ಬಾಲ್ ವಿಶ್ವಕಪ್ ಪಂದ್ಯ ನೋಡುತ್ತಿದ್ದೆ. ರಷ್ಯಾದ ಸರಾನ್ಸ್ಕ್‌ನಲ್ಲಿ ಆಟ. ಮೊದಲರ್ಧ ಇನ್ನೇನು ಮುಗಿಯಬೇಕು. ಬಲಗಡೆಯಿಂದ ಪೋರ್ಚುಗಲ್‌ನ ರಿಕಾರ್ಡೊ ಕ್ವಾರೆಸ್ಮಾ ಒಳಗೆ ಬಂದ. ಜೊತೆಗಾರ ಆಡ್ರಿಯೆನ್ ಸಿಲ್ವಾಗೆ ಚೆಂಡು ಕೊಟ್ಟ, ಅವನು ಹಿಮ್ಮಡಿಯಲ್ಲಿ ವಾಪಸ್ ತಳ್ಳಿದ. ಅಲ್ಲಿಂದ ಬಾಗಿಸಿ ಹೊಡೆಯೋಕೆ ಬೇರೆಯವರಿಗಾದರೆ ಎಡಗಾಲು ಬೇಕು. ಇವನು ಬಲಪಾದದ ಹೊರಬದಿಯಿಂದ, ಕಿರುಬೆರಳಿನ ಕಡೆಯಿಂದ ಬಾರಿಸಿದ. ಚೆಂಡು ಕಂಬದ ಆಚೆ ಹೊರಟಂತೆ ಕಂಡಿತು. ಆಮೇಲೆ ಬಾಗಿತು, ಬಾಗಿ ಎಡ ಮೂಲೆಯ ಮೇಲ್ಗಡೆ ಬಲೆಗೆ ಬಿತ್ತು. ಕಿರುಚಬಾರದು ಅಂತ ದಿಂಬು ಬಿಗಿಯಾಗಿ ಹಿಡಿದುಕೊಂಡೆ.

ಈ ಹೊಡೆತಕ್ಕೆ ಪೋರ್ಚುಗಲ್‌ನಲ್ಲಿ ಟ್ರಿವೆಲಾ ಅಂತಾರೆ. ಅವತ್ತು ಅವನಿಗೆ 34 ವರ್ಷ. ಅದು ಅವನ ಮೊದಲ ವಿಶ್ವಕಪ್. 2006, 2010, 2014, ಮೂರೂ ಸಲ ತಂಡದಲ್ಲಿ ಹೆಸರಿರಲಿಲ್ಲ.

ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಇವನೂ ರೊನಾಲ್ಡೊನೂ ಒಟ್ಟಿಗೆ ಬೆಳೆದವರು. ಇಬ್ಬರಲ್ಲಿ ಇವನೇ ಮುಂದೆ ಬರ್ತಾನೆ ಅಂದವರು ಕಡಿಮೆ ಇರಲಿಲ್ಲ. 2003ರಲ್ಲಿ ರೊನಾಲ್ಡೊ ಮ್ಯಾಂಚೆಸ್ಟರ್‌ಗೆ ಹೋದ, ಇವನು ಬಾರ್ಸಿಲೋನಾಗೆ. ಅಲ್ಲಿ ಒಂದೇ ಸೀಸನ್, ಲೀಗ್‌ನಲ್ಲಿ ಒಂದೇ ಗೋಲು. ಪೋರ್ಚುಗಲ್‌ನ ಪೋರ್ಟೊ ಕ್ಲಬ್‌ಗೆ ಬಂದ ಮೇಲೆ ಅರಳಿದ. ನಾಲ್ಕು ವರ್ಷದಲ್ಲಿ ಮೂರು ಲೀಗ್ ಕಿರೀಟ. 2008ರಲ್ಲಿ ಕೋಚ್ ಮೊರಿನ್ಯೊ ಇವನನ್ನು ಇಟಲಿಯ ಇಂಟರ್ ಕ್ಲಬ್‌ಗೆ ಕರೆಸಿಕೊಂಡರು. ಇಟಲಿಯಲ್ಲಿ ಅದೇ ವರ್ಷದ ಅತಿ ಕಳಪೆ ಆಟಗಾರ ಅಂತ 'ಬಿದೋನೆ ದೋರೊ' ಅನ್ನೋ ಅಣಕದ ಪ್ರಶಸ್ತಿ ಕೊಟ್ಟರು. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪ್ರತಿಭೆ ಹಾಳು ಮಾಡಿಕೊಂಡ ಅಂತ ಸುಮ್ನೆ ಹೇಳಿಬಿಡ್ತಾರೆ. ನಾನು ಒಪ್ಪಲ್ಲ. ಎಡಗಾಲು ಬಳಸಬೇಕಾದ ಜಾಗದಲ್ಲೂ ಇವನದು ಬಲಗಾಲೇ. ಕೂಡಿಬಂದರೆ ಚೆಂಡು ಡಿಫೆಂಡರ್‌ಗಳ ತಲೆ ಮೇಲೆ ಹಾದು ಜೊತೆಗಾರನ ಹಣೆಗೇ ಇಳಿಯುತ್ತದೆ. ಕೂಡಿಬರದಿದ್ದರೆ ಸೀದಾ ಗೋಲ್ ಹಿಂದಕ್ಕೆ. ಅಷ್ಟು ಅಪಾಯದ ಆಟ ಆಡುವವನು ಪ್ರತಿ ಶನಿವಾರ ಒಂದೇ ಥರ ಆಡಲಿ ಅಂದರೆ ಹೇಗೆ? ಸುಲಭದ ಪಾಸ್ ಕೊಟ್ಟು ಕೂತಿದ್ದರೆ ಬೈಸಿಕೊಳ್ಳುವುದು ತಪ್ಪುತ್ತಿತ್ತು. ಆದರೆ ಆ ಇರಾನ್ ಗೋಲು ಬರ್ತಿರಲಿಲ್ಲ ಅಲ್ವಾ?

ಹಾಗಂತ ಸುಲಭದ ಗೋಲು ಅವನು ಹೊಡೆದೇ ಇಲ್ಲ ಅಂತಲ್ಲ. 2016ರ ಯೂರೋ ಕಪ್‌ನಲ್ಲಿ, ಅಂದರೆ ಯುರೋಪಿನ ದೇಶಗಳ ಟೂರ್ನಿಯಲ್ಲಿ, ಕ್ರೊಯೇಷಿಯಾ ವಿರುದ್ಧ 117ನೇ ನಿಮಿಷ, ನಮ್ಮಲ್ಲಿ ಬೆಳಗಿನ ಜಾವ ಮೂರರ ಹೊತ್ತು. ರೊನಾಲ್ಡೊ ಹೊಡೆದದ್ದನ್ನು ಗೋಲ್‌ಕೀಪರ್ ತಡೆದ. ಪುಟಿದ ಚೆಂಡನ್ನು ಇವನು ಗೋಲ್ ಬಾಯಲ್ಲೇ ನಿಂತು ತಲೆಯಿಂದ ತಳ್ಳಿದ, ಅಷ್ಟೇ. ಪೋಲೆಂಡ್ ವಿರುದ್ಧ ಗೆಲುವಿನ ಪೆನಾಲ್ಟಿಯೂ ಇವನದೇ. ಕಪ್ ಪೋರ್ಚುಗಲ್‌ಗೆ ಬಂತು.

ಇರಾನ್ ಪಂದ್ಯ ಕೊನೆಗೆ 1-1 ಆಯಿತು. ಐದು ದಿನ ಬಿಟ್ಟು ಉರುಗ್ವೆ ಜೊತೆ ನಾಕೌಟ್. ಅಂಥ ಗೋಲು ಹೊಡೆದವನು ಬೆಂಚ್ ಮೇಲೆ ಕೂತಿದ್ದ. 65ನೇ ನಿಮಿಷಕ್ಕೆ ಇಳಿಸಿದರು. ಆಗಲೇ 2-1 ಹಿಂದಿದ್ದರು, ಹಾಗೇ ಸೋತರು. ಟಿವಿ ಆಫ್ ಮಾಡಿ ಮೊಬೈಲ್‌ನಲ್ಲಿ ಆ ಗೋಲನ್ನೇ ಮತ್ತೆ ಹಾಕಿಕೊಂಡೆ. ಆಚೆ ಹೋಗುತ್ತೆ ಅನ್ನಿಸುವ ಆ ಚೂರು ಹೊತ್ತು ಇದೆಯಲ್ಲ, ಅಲ್ಲಿ ಪ್ರತಿ ಸಲವೂ ಉಸಿರು ಹಿಡಿದೆ.