ಆಕ್ಲೆಂಡ್ ಸೆಂಟ್ರಲ್: ಗೆರೆ ಸರಿದಂತೆ, ಜನ ಬದಲಾದಂತೆ

2020ರ ಅಕ್ಟೋಬರ್ 17ರ ರಾತ್ರಿ ನ್ಯೂಜಿಲೆಂಡಿನ ಆಕ್ಲೆಂಡ್ ಸೆಂಟ್ರಲ್ ಕ್ಷೇತ್ರದ ಎಣಿಕೆ ನಿಂತಾಗ ಗ್ರೀನ್ ಪಕ್ಷದ ಕ್ಲೋಯಿ ಸ್ವಾರ್ಬ್ರಿಕ್ 492 ಮತಗಳಿಂದ ಮುಂದಿದ್ದರು. ನವೆಂಬರ್ 6ರಂದು ಅಧಿಕೃತ ಫಲಿತಾಂಶ ಬಂದಾಗ ಅಂತರ 1,068ಕ್ಕೆ ಏರಿತ್ತು. ನಡುವಿನ ಇಪ್ಪತ್ತು ದಿನಗಳಲ್ಲಿ ಯಾರೂ ಹೊಸದಾಗಿ ಮತ ಹಾಕಿರಲಿಲ್ಲ. ಲಕೋಟೆಗಳಲ್ಲಿ ಉಳಿದಿದ್ದ ‘ಸ್ಪೆಷಲ್ ವೋಟ್’ಗಳ ಎಣಿಕೆ ನಡೆದಿತ್ತು, ಅಷ್ಟೇ. ಮುದ್ರಿತ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು, ತಡವಾಗಿ ನೋಂದಾಯಿಸಿಕೊಂಡವರು, ಬೇರೆ ಊರಿನಲ್ಲೋ ಹೊರದೇಶದಲ್ಲೋ ಇದ್ದು ಮತ ಹಾಕಿದವರು, ಇವರ ಮತಗಳೇ ಸ್ಪೆಷಲ್ ವೋಟ್. ನಗರದ ನಡುಮಧ್ಯದ ಕ್ಷೇತ್ರದಲ್ಲಿ ಇಂಥವರ ಸಂಖ್ಯೆ ಯಾವಾಗಲೂ ಹೆಚ್ಚು: ಬಾಡಿಗೆ ಮನೆ ಬದಲಿಸುತ್ತಲೇ ಇರುವ ಯುವಕರು, ವಿದ್ಯಾರ್ಥಿಗಳು, ಹೊಸದಾಗಿ ಬಂದು ನೆಲೆಸಿದವರು.

ಈ ಕ್ಷೇತ್ರದ ಇತಿಹಾಸ ಓದುವವರು ಸಾಮಾನ್ಯವಾಗಿ ಗೆದ್ದವರ ಹೆಸರಿನ ಪಟ್ಟಿ ಹಿಡಿದು ಕೂರುತ್ತಾರೆ. ನನ್ನ ಮಟ್ಟಿಗೆ ನೋಡಬೇಕಾದ್ದು ಮೂರು: ಕ್ಷೇತ್ರದ ಗಡಿಗೆರೆಯೊಳಗೆ ಯಾರು ವಾಸಿಸುತ್ತಾರೆ, ಆ ಗೆರೆ ಎಳೆದವರು ಯಾವ ಲೆಕ್ಕ ಹಿಡಿದಿದ್ದಾರೆ, ಮತ ಎಣಿಸುವ ನಿಯಮ ಏನು. ಇವುಗಳಲ್ಲಿ ಒಂದು ಅಲುಗಿದಾಗಲೆಲ್ಲ ಆಕ್ಲೆಂಡ್ ಸೆಂಟ್ರಲ್ ಕೈ ಬದಲಿಸಿದೆ, ಇಲ್ಲವೇ ಬದಲಿಸುವ ಅಂಚಿಗೆ ಬಂದಿದೆ.

ಕ್ಷೇತ್ರ ಹುಟ್ಟಿದ್ದು 1887ರ ಚುನಾವಣೆಗೆ. ಮೊದಲ ಸಂಸದ ಸರ್ ಜಾರ್ಜ್ ಗ್ರೇ, ಎರಡು ಸಲ ಗವರ್ನರ್ ಆಗಿ, 1877ರಿಂದ 1879ರವರೆಗೆ ಪ್ರಧಾನಿಯೂ ಆಗಿದ್ದವರು. ಆಗ ಆಸ್ತಿ ಇದ್ದವನಿಗೆ ಆಸ್ತಿ ಇರುವ ಕ್ಷೇತ್ರಗಳಲ್ಲೆಲ್ಲ ಮತವಿತ್ತು. ಅದನ್ನು ತೆಗೆದು ಒಬ್ಬನಿಗೆ ಒಂದೇ ಮತ ಎನ್ನುವ ನಿಯಮ 1889ರಲ್ಲಿ ಬಂತು. ಗ್ರೇ ಬಹುಕಾಲ ಒತ್ತಾಯಿಸಿದ್ದ ಸುಧಾರಣೆ ಅದು. ಮರುವರ್ಷವೇ ಕ್ಷೇತ್ರ ಮಾಯ! 1890ರಿಂದ 1905ರವರೆಗೆ ಆಕ್ಲೆಂಡ್ ನಗರ ಮೂವರು ಸದಸ್ಯರ ಒಂದೇ ಕ್ಷೇತ್ರವಾಗಿತ್ತು. ಮತದಾರ ಮೂರು ಮತ ಹಾಕಬಹುದಿತ್ತು. 1905ರಲ್ಲಿ ಏಕಸದಸ್ಯ ಪದ್ಧತಿ ಮರಳಿದಾಗ ಆಕ್ಲೆಂಡ್ ಸೆಂಟ್ರಲ್ ಕೂಡ ಮರಳಿತು, ಮೊದಲಿಗೆ ಲಿಬರಲ್ ಪಕ್ಷದ ಕೈಗೆ.

ಆ ಕಾಲದ ಇನ್ನೊಂದು ನಿಯಮವನ್ನು ಇಂದು ಬಹಳ ಜನ ಮರೆತಿದ್ದಾರೆ. ಅದಕ್ಕೆ ‘ಕಂಟ್ರಿ ಕೋಟಾ’ ಎಂದು ಹೆಸರು. ಕ್ಷೇತ್ರ ವಿಂಗಡಿಸುವಾಗ ಗ್ರಾಮೀಣ ಜನಸಂಖ್ಯೆಗೆ ಶೇ 28ರಷ್ಟು ಸೇರಿಸಿ ಲೆಕ್ಕ ಹಾಕುತ್ತಿದ್ದರು. ಅಂದರೆ ನಗರದ ಕ್ಷೇತ್ರಕ್ಕೆ 100 ಜನ ಬೇಕಾದ ಕಡೆ ಹಳ್ಳಿಯ ಕ್ಷೇತ್ರಕ್ಕೆ ಸುಮಾರು 78 ಜನ ಸಾಕು. ಆಕ್ಲೆಂಡ್ ಸೆಂಟ್ರಲ್‌ನಂಥ ಕಾರ್ಮಿಕ ಕೇರಿಗಳ ಮತ ಅಷ್ಟರಮಟ್ಟಿಗೆ ಹಗುರವಾಗಿತ್ತು. ಲೇಬರ್ ಸರ್ಕಾರ ಇದನ್ನು 1945ರಲ್ಲಿ ರದ್ದು ಮಾಡಿತು. 1946ರ ಹೊಸ ನಕ್ಷೆಯಲ್ಲಿ ನಗರಗಳಿಗೆ ಹೆಚ್ಚು ಕ್ಷೇತ್ರಗಳು ಸಿಕ್ಕವು.

ಲೇಬರ್ ಈ ಕ್ಷೇತ್ರಕ್ಕೆ ಬಂದದ್ದು 1919ರಲ್ಲಿ, ಬಿಲ್ ಪ್ಯಾರಿ ಮೂಲಕ. ಗಣಿ ಕಾರ್ಮಿಕರಾಗಿದ್ದ ಪ್ಯಾರಿ 1912ರ ವೈಹಿ ಗಣಿ ಮುಷ್ಕರದ ಹೊತ್ತಿಗೆ ಅಲ್ಲಿನ ಕಾರ್ಮಿಕ ಸಂಘದ ಅಧ್ಯಕ್ಷರು. ಜೈಲಿಗೂ ಹೋಗಿ ಬಂದವರು. 1935ರ ಮೊದಲ ಲೇಬರ್ ಸರ್ಕಾರದಲ್ಲಿ ಆಂತರಿಕ ವ್ಯವಹಾರಗಳ ಸಚಿವರಾದರು. 1946ರಲ್ಲಿ ಅವರು ಹೊಸ ಆರ್ಚ್ ಹಿಲ್ ಕ್ಷೇತ್ರಕ್ಕೆ ಹೋದಾಗ ಇಲ್ಲಿಗೆ ಬಂದವರು ಬಿಲ್ ಆಂಡರ್ಟನ್. 1960ರಲ್ಲಿ ಆಂಡರ್ಟನ್ ಸ್ಥಾನಕ್ಕೆ ಅವರ ಅಳಿಯ ನಾರ್ಮನ್ ಡಗ್ಲಸ್, 1975ರಲ್ಲಿ ರಿಚರ್ಡ್ ಪ್ರೆಬಲ್. 1919ರಿಂದ 1993ರವರೆಗೆ 74 ವರ್ಷ, ನಾಲ್ಕೇ ಸಂಸದರು, ಒಂದೇ ಪಕ್ಷ. ಭದ್ರಕೋಟೆ ಎಂದರೆ ಇದು.

ಆದರೆ ಕೋಟೆಯ ಬಾವುಟ ಹಾಗೇ ಹಾರುತ್ತಿರುವಾಗ ಒಳಗಿನ ಜನ ಬದಲಾಗುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಪಾನ್ಸನ್‌ಬಿ, ಫ್ರೀಮನ್ಸ್ ಬೇ, ನ್ಯೂಟನ್ ಕೇರಿಗಳ ಹಳೆಯ ಮರದ ಮನೆಗಳಿಗೆ ಹಳ್ಳಿಗಳಿಂದ ಬಂದ ಮಾವೋರಿಗಳು (ನ್ಯೂಜಿಲೆಂಡಿನ ಮೂಲನಿವಾಸಿಗಳು), ಸಮೋವಾ, ಟೋಂಗಾ, ಕುಕ್ ದ್ವೀಪಗಳಿಂದ ಬಂದ ಕುಟುಂಬಗಳು ಸೇರಿಕೊಂಡವು. ಬಾಡಿಗೆ ಕಡಿಮೆ, ಬಂದರೂ ಕಾರ್ಖಾನೆಗಳೂ ನಡೆದುಹೋಗುವಷ್ಟು ಹತ್ತಿರ. ಪಾಲಿನೇಷಿಯನ್ ಪ್ಯಾಂಥರ್ಸ್ ಸಂಘಟನೆ 1971ರಲ್ಲಿ ಹುಟ್ಟಿದ್ದು ಇದೇ ಪಾನ್ಸನ್‌ಬಿಯ ಸುತ್ತಮುತ್ತ. ವೀಸಾ ಅವಧಿ ಮೀರಿದವರನ್ನು ಹಿಡಿಯಲು ಬೆಳಗಿನ ಜಾವ ಮನೆಗೆ ನುಗ್ಗುತ್ತಿದ್ದ 1970ರ ದಶಕದ ‘ಡಾನ್ ರೇಡ್’ಗಳ ಏಟು ಬಿದ್ದದ್ದೂ ಇಂಥ ಮನೆಗಳ ಮೇಲೆಯೇ. ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಬುಲ್ಡೋಜರ್ ಬಂದಿತ್ತು. ಫ್ರೀಮನ್ಸ್ ಬೇಯಲ್ಲಿ ಕೊಳೆಗೇರಿ ತೆರವು, ನ್ಯೂಟನ್ ಕಣಿವೆಯಲ್ಲಿ ಮೋಟರ್‌ವೇ. ಸಾವಿರಾರು ಜನ ದಕ್ಷಿಣ ಆಕ್ಲೆಂಡಿನ ಓಟಾರ, ಮಾಂಗೆರೆಯ ಹೊಸ ಬಡಾವಣೆಗಳತ್ತ ಹೊರಟರು. ಒಂದು ಕ್ಷೇತ್ರದ ಮತದಾರರನ್ನು ರಸ್ತೆ ಕಾಮಗಾರಿಯೇ ಎತ್ತಿ ಬೇರೆ ಕಡೆ ಇಟ್ಟಂತಾಯಿತು. ಈ ಕ್ಷೇತ್ರದ ಬಗ್ಗೆ ಬರೆಯುವವರು ಮೋಟರ್‌ವೇಯನ್ನು ಬಿಟ್ಟು ಬರೆಯುವುದು ನನಗೆ ಒಪ್ಪಿಗೆಯಾಗದ ಸಂಗತಿ. ಉಳಿದ ಮರದ ಮನೆಗಳನ್ನು ಮುಂದೆ ಶಿಕ್ಷಕರು, ಕಲಾವಿದರು, ಅವರ ಹಿಂದೆ ವಕೀಲರು, ಬ್ಯಾಂಕಿನವರು ಕೊಂಡು ದುರಸ್ತಿ ಮಾಡಿಸಿದರು, ಬೆಲೆ ಏರಿತು.

ಇನ್ನು ಪ್ರೆಬಲ್. 1984ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರದ ಹಣಕಾಸು ಸಚಿವ ರೋಜರ್ ಡಗ್ಲಸ್ ಇದೇ ಕ್ಷೇತ್ರದ ಹಿಂದಿನ ಸಂಸದ ನಾರ್ಮನ್ ಡಗ್ಲಸ್ ಅವರ ಮಗ, ಬಿಲ್ ಆಂಡರ್ಟನ್ ಅವರ ಮೊಮ್ಮಗ. ಡಗ್ಲಸ್ ತಂದ ಮಾರುಕಟ್ಟೆ ಸುಧಾರಣೆಗೆ ಬಲಗೈಯಾಗಿ ನಿಂತವರು ಸರ್ಕಾರಿ ಉದ್ದಿಮೆಗಳ ಸಚಿವರಾಗಿದ್ದ ಪ್ರೆಬಲ್. ಕಾರ್ಮಿಕರ ಮತದಿಂದ ಮೂರು ತಲೆಮಾರು ಗೆದ್ದ ಕ್ಷೇತ್ರದ ಸಂಸದರೇ ಸರ್ಕಾರಿ ಇಲಾಖೆಗಳನ್ನು ಕಂಪನಿಗಳನ್ನಾಗಿ ಮಾಡುವ ಕೆಲಸಕ್ಕೆ ಮುಂದಾಳಾದರು. 1988ರ ಫೆಬ್ರುವರಿಯಲ್ಲಿ ದೇಶದಾದ್ಯಂತ 432 ಅಂಚೆ ಕಚೇರಿಗಳು ಮುಚ್ಚಿದವು. ಅದೇ ವರ್ಷದ ನವೆಂಬರಿನಲ್ಲಿ ಪ್ರಧಾನಿ ಡೇವಿಡ್ ಲ್ಯಾಂಗಿ ಪ್ರೆಬಲ್ ಅವರನ್ನು ಸಂಪುಟದಿಂದ ತೆಗೆದುಹಾಕಿದರು. ಮರುವರ್ಷ ಇನ್ನೊಬ್ಬ ಲೇಬರ್ ಸಂಸದ ಜಿಮ್ ಆಂಡರ್ಟನ್ ಲೇಬರ್ ಒಡೆದು ಹೊರಬಂದರು. ಅವರ ನ್ಯೂಲೇಬರ್, ಮಾವೋರಿಗಳ ಮನ ಮೋಟುಹಾಕೆ, ಗ್ರೀನ್ ಮತ್ತು ಡೆಮೊಕ್ರಾಟ್ ಪಕ್ಷಗಳು ಸೇರಿ 1991ರಲ್ಲಿ ‘ಅಲಯನ್ಸ್’ ಆಯಿತು.

1993ರಲ್ಲಿ ಆಕ್ಲೆಂಡ್ ಸೆಂಟ್ರಲ್‌ನಲ್ಲಿ ಪ್ರೆಬಲ್ ಸೋತದ್ದು ಈ ಅಲಯನ್ಸ್‌ನ ಸ್ಯಾಂಡ್ರಾ ಲೀ ಅವರಿಗೆ. ಅಲಯನ್ಸ್ ಆ ವರ್ಷ ದೇಶದಲ್ಲಿ ಗೆದ್ದದ್ದೇ ಎರಡು ಕ್ಷೇತ್ರ, ಅದರಲ್ಲಿ ಇದು ಒಂದು. ಮಾವೋರಿಗಳಿಗೆ ಮೀಸಲಲ್ಲದ ಸಾಮಾನ್ಯ ಕ್ಷೇತ್ರವೊಂದನ್ನು ಗೆದ್ದ ಮೊದಲ ಮಾವೋರಿ ಮಹಿಳೆ ಲೀ. ಅಲ್ಲಿಂದ ಇಂದಿನವರೆಗೆ ಈ ಕ್ಷೇತ್ರ ಮಹಿಳೆಯರನ್ನೇ ಆರಿಸಿದೆ. 2020ರಲ್ಲಿ ಗ್ರೀನ್ ಗೆದ್ದಾಗ ಆಕಾಶದಿಂದ ಉದುರಿದಂತೆ ಬೆರಗುಪಟ್ಟವರು 1993ನ್ನು ಮತ್ತೊಮ್ಮೆ ನೋಡಬೇಕು. ಲೇಬರ್‌ನ ಎಡಕ್ಕೆ ಸರಿಯಲು ಇಲ್ಲಿನ ಮತದಾರರು ಸಿದ್ಧರಿದ್ದಾರೆ ಎನ್ನುವುದು ಆಗಲೇ ಗೊತ್ತಾಗಿತ್ತು. ಗೆದ್ದ ಕೂಟದಲ್ಲಿ ಗ್ರೀನ್ ಪಕ್ಷವೂ ಇತ್ತು.

ಅದೇ 1993ರ ಚುನಾವಣೆಯ ದಿನ ಜನಮತಗಣನೆಯೂ ನಡೆದು, ಶೇ 53.9ರಷ್ಟು ಜನ ಹೊಸ ಪದ್ಧತಿಗೆ ಒಪ್ಪಿದರು. 1996ರಿಂದ ಪ್ರತಿ ಮತದಾರರಿಗೂ ಎರಡು ಮತ. ಒಂದು ಪಕ್ಷಕ್ಕೆ, ಇನ್ನೊಂದು ಕ್ಷೇತ್ರದ ಅಭ್ಯರ್ಥಿಗೆ. ಸಂಸತ್ತಿನಲ್ಲಿ ಪಕ್ಷಕ್ಕೆ ಎಷ್ಟು ಸ್ಥಾನ ಎನ್ನುವುದನ್ನು ಪಕ್ಷದ ಮತ ನಿರ್ಧರಿಸುತ್ತದೆ. ಗೆದ್ದ ಕ್ಷೇತ್ರಗಳನ್ನು ಆ ಸಂಖ್ಯೆಯಲ್ಲಿ ಕಳೆದು, ಉಳಿದದ್ದನ್ನು ಪಕ್ಷದ ಪಟ್ಟಿಯಿಂದ ತುಂಬುತ್ತಾರೆ. ಪಟ್ಟಿಯಿಂದ ಸ್ಥಾನ ಸಿಗಬೇಕಾದರೆ ಪಕ್ಷಕ್ಕೆ ಶೇ 5ರಷ್ಟು ಮತ ಬೇಕು, ಇಲ್ಲವೇ ಒಂದು ಕ್ಷೇತ್ರವಾದರೂ ಬೇಕು.

ಇದರಿಂದ ಆಕ್ಲೆಂಡ್ ಸೆಂಟ್ರಲ್‌ನಂಥ ಕಡೆ ಒಂದು ವಿಚಿತ್ರ ಸ್ಥಿತಿ ಹುಟ್ಟಿತು. 1996ರಲ್ಲಿ ಲೇಬರ್‌ನ ಜೂಡಿತ್ ಟಿಜಾರ್ಡ್ ಕ್ಷೇತ್ರವನ್ನು ಮರಳಿ ಗೆದ್ದರೂ ಸೋತ ಲೀ ಪಟ್ಟಿಯಿಂದ ಸಂಸತ್ತಿಗೆ ಬಂದರು. 2008ರಲ್ಲಿ ಬಲಕ್ಕೆ ವಾಲುವ ನ್ಯಾಷನಲ್ ಪಕ್ಷದ ನಿಕಿ ಕೇ, ಆಗ 28 ವರ್ಷ, ಟಿಜಾರ್ಡ್ ಅವರನ್ನು 1,497 ಮತಗಳಿಂದ ಸೋಲಿಸಿದರು. 1936ರಲ್ಲಿ ಹುಟ್ಟಿದ ನ್ಯಾಷನಲ್ ಪಕ್ಷಕ್ಕೆ ಈ ಕ್ಷೇತ್ರ ದಕ್ಕಿದ್ದು ಅದೇ ಮೊದಲು. 2011ರಲ್ಲಿ ಕೇ ಅವರ ಎದುರಾಳಿ ಲೇಬರ್‌ನ ಜಸಿಂಡಾ ಆರ್ಡರ್ನ್, ಅಂತರ 717. 2014ರಲ್ಲಿ ಮತ್ತೆ ಅದೇ ಜೋಡಿ, ಅಂತರ 600. ಎರಡೂ ಕೂಡಿಸಿದರೆ 1,317 ಮತ. ಎರಡು ಸಲ ಸೋತ ಆರ್ಡರ್ನ್ ಪಟ್ಟಿಯಿಂದ ಸಂಸತ್ತಿನಲ್ಲೇ ಉಳಿದರು, 2017ರಲ್ಲಿ ಪ್ರಧಾನಿಯಾದರು.

ಆ ಎರಡು ಚುನಾವಣೆಗಳಲ್ಲೂ ಗ್ರೀನ್ ಅಭ್ಯರ್ಥಿ ಡೆನಿಸ್ ರೋಶ್ ಪಡೆದ ಮತ ಗೆಲುವಿನ ಅಂತರಕ್ಕಿಂತ ಹೆಚ್ಚು. ಎಡಪಂಥದ ಮತ ಎರಡು ಹೋಳಾದದ್ದೇ ಕೇ ಅವರನ್ನು ಉಳಿಸಿತು ಎಂದು ಲೆಕ್ಕ ಹೇಳುವವರಿದ್ದಾರೆ. ಅರ್ಧ ನಿಜ. ಕೇ ತಮ್ಮ ಸ್ವಂತ ಬಲದ ಮೇಲೂ ಗೆದ್ದರು. 2010ರಲ್ಲಿ ಅವರದೇ ಸರ್ಕಾರ ಸಂರಕ್ಷಿತ ಪ್ರದೇಶಗಳಲ್ಲಿ ಗಣಿಗಾರಿಕೆಗೆ ಅವಕಾಶ ಕೊಡಲು ಹೊರಟಾಗ, ಆ ಪಟ್ಟಿಯಲ್ಲಿ ಕ್ಷೇತ್ರದ ಗ್ರೇಟ್ ಬ್ಯಾರಿಯರ್ ದ್ವೀಪವೂ ಇತ್ತು. ಕೇ ಬಹಿರಂಗವಾಗಿ ವಿರೋಧಿಸಿದರು. ಕ್ವೀನ್ ಸ್ಟ್ರೀಟ್‌ನಲ್ಲಿ ಹತ್ತಾರು ಸಾವಿರ ಜನ ಮೆರವಣಿಗೆ ನಡೆಸಿದರು. ಸರ್ಕಾರ ಹಿಂದೆ ಸರಿಯಿತು. ನಗರದ ಕ್ಷೇತ್ರಕ್ಕೆ ದ್ವೀಪಗಳೇಕೆ ಎಂದು ಕೇಳಬಹುದು. ವೈಹೆಕೆ ದ್ವೀಪವೂ ಇದರೊಳಗೇ ಇದೆ. ಅಲ್ಲಿನ ದೋಣಿಗಳು ಬಂದು ನಿಲ್ಲುವುದು ನಗರದ ನಡುವಿನ ಕಟ್ಟೆಗೆ. 2024ರ ನವೆಂಬರಿನಲ್ಲಿ, 44ನೇ ವಯಸ್ಸಿಗೆ, ಕೇ ಕ್ಯಾನ್ಸರಿನಿಂದ ತೀರಿಕೊಂಡರು. ಪಕ್ಷಕ್ಕಿಂತ ಕ್ಷೇತ್ರವನ್ನು ಮುಂದಿಡುವ ಧೈರ್ಯ ಅವರಲ್ಲಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಗೆರೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾನೂನಿನ ಪ್ರಕಾರ ದಕ್ಷಿಣ ದ್ವೀಪಕ್ಕೆ 16 ಸಾಮಾನ್ಯ ಕ್ಷೇತ್ರ, ಅದು ಸ್ಥಿರ. ಪ್ರತಿ ಜನಗಣತಿಯ ನಂತರ ಅಲ್ಲಿನ ಜನಸಂಖ್ಯೆಯನ್ನು 16ರಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯಿಂದ ಉತ್ತರ ದ್ವೀಪದ ಜನಸಂಖ್ಯೆಯನ್ನು ಭಾಗಿಸಿದರೆ ಉತ್ತರಕ್ಕೆ ಎಷ್ಟು ಕ್ಷೇತ್ರ ಎಂದು ತಿಳಿಯುತ್ತದೆ. 2020ರ ನಕ್ಷೆಯಲ್ಲಿ ಒಂದು ಕ್ಷೇತ್ರಕ್ಕೆ ಸುಮಾರು 65,000 ಜನ, ಹೆಚ್ಚುಕಡಿಮೆ ಶೇ 5ರವರೆಗೆ ಮಾತ್ರ, ಅಂದರೆ ಸುಮಾರು 3,250 ಜನರಷ್ಟು ಸಡಿಲಿಕೆ. ಈ ಎಣಿಕೆಯಲ್ಲಿ ಮಕ್ಕಳೂ ಸೇರುತ್ತಾರೆ, ಮತದ ಹಕ್ಕಿಲ್ಲದ ವಿದೇಶಿ ವಿದ್ಯಾರ್ಥಿಗಳೂ ಸೇರುತ್ತಾರೆ. ಮಾವೋರಿ ಕ್ಷೇತ್ರಗಳ ಮತದಾರರ ಪಟ್ಟಿಯ ಜನರದು ಮಾತ್ರ ಬೇರೆ ಲೆಕ್ಕ. ನಗರದ ನಡುವೆ ಅಪಾರ್ಟ್‌ಮೆಂಟ್‌ಗಳು ಒಂದರ ಪಕ್ಕ ಒಂದು ಎದ್ದಂತೆ ಆಕ್ಲೆಂಡ್ ಸೆಂಟ್ರಲ್ ಈ ಮಿತಿ ದಾಟುತ್ತದೆ, ಆಗ ಅಂಚಿನ ಒಂದು ಬಡಾವಣೆಯನ್ನು ಪಕ್ಕದ ಕ್ಷೇತ್ರಕ್ಕೆ ಕೊಡಬೇಕಾಗುತ್ತದೆ. 2014ರ ನಕ್ಷೆಯಲ್ಲಿ ಎಡಕ್ಕೆ ವಾಲುವ ಗ್ರೇ ಲಿನ್ ಹೀಗೆ ಮೌಂಟ್ ಆಲ್ಬರ್ಟ್‌ಗೆ ಹೋಯಿತು. ಕೇ ನಿರಾಳವಾದರು ಎಂದೇ ಎಲ್ಲರ ಎಣಿಕೆ. ಆದರೂ ಅಂತರ 717ರಿಂದ 600ಕ್ಕೆ ಇಳಿಯಿತು! ಹಳೆಯ ಫಲಿತಾಂಶವನ್ನು ಹೊಸ ನಕ್ಷೆಯ ಮೇಲೆ ಹಾಸಿ ಭವಿಷ್ಯ ಹೇಳುವವರು ಎಡವುವುದು ಇಲ್ಲಿಯೇ. ಬಿಟ್ಟುಹೋದ ಬಡಾವಣೆಯ ಲೆಕ್ಕ ಸಿಗುತ್ತದೆ, ಮೂರು ವರ್ಷದಲ್ಲಿ ಉಳಿದ ಕಟ್ಟಡಗಳಿಗೆ ಬಂದು ಸೇರಿದವರ ಲೆಕ್ಕ ಸಿಗುವುದಿಲ್ಲ.

2017ರಲ್ಲಿ ಕೇ ಲೇಬರ್‌ನ ಹೆಲೆನ್ ವೈಟ್ ವಿರುದ್ಧ 1,581 ಮತಗಳಿಂದ ಗೆದ್ದರು. 2020ರ ಜುಲೈನಲ್ಲಿ, ಚುನಾವಣೆಗೆ ಕೆಲವೇ ವಾರ ಇದ್ದಾಗ, ರಾಜಕೀಯ ಬಿಡುವುದಾಗಿ ಘೋಷಿಸಿದರು. ಕೊನೆ ಗಳಿಗೆಯಲ್ಲಿ ನ್ಯಾಷನಲ್ ಪಕ್ಷ ಹೊಸ ಅಭ್ಯರ್ಥಿಯನ್ನು ಹುಡುಕಿತು, ಹೋರಾಟ ತ್ರಿಕೋನವಾಯಿತು. ಸ್ವಾರ್ಬ್ರಿಕ್ 12,631, ವೈಟ್ 11,563. ಗ್ರೀನ್ ಪಕ್ಷ ಅದಕ್ಕೂ ಮೊದಲು ಕ್ಷೇತ್ರವೊಂದನ್ನು ಗೆದ್ದದ್ದು ಒಮ್ಮೆ ಮಾತ್ರ: 1999ರಲ್ಲಿ ಕೋರಮಂಡಲ್‌ನಲ್ಲಿ ಜೀನೆಟ್ ಫಿಟ್ಜ್‌ಸೈಮನ್ಸ್. ಆಗ ಲೇಬರ್ ನಾಯಕಿ ಹೆಲೆನ್ ಕ್ಲಾರ್ಕ್ ಅವರ ಪರೋಕ್ಷ ಬೆಂಬಲವಿತ್ತು. ಸ್ವಾರ್ಬ್ರಿಕ್‌ಗೆ ಅಂಥ ಯಾವ ಸನ್ನೆಯೂ ಸಿಗಲಿಲ್ಲ. 2023ರಲ್ಲಿ ಲೇಬರ್ ದೇಶದಾದ್ಯಂತ ಕುಸಿದಾಗಲೂ ಅವರು ನ್ಯಾಷನಲ್‌ನ ಮಹೇಶ್ ಮುರಳೀಧರ್ ವಿರುದ್ಧ ಅಂತರವನ್ನು 3,896ಕ್ಕೆ ಏರಿಸಿಕೊಂಡರು.

ಈ ಕ್ಷೇತ್ರದ ಅಂಕಿಅಂಶ ಸ್ವತಃ ನೋಡಬೇಕೆನ್ನುವವರಿಗೆ ಕೆಲವು ಮಾತು. ಚುನಾವಣಾ ಆಯೋಗ ಪ್ರತಿ ಕ್ಷೇತ್ರದ ಅಭ್ಯರ್ಥಿ ಮತ, ಪಕ್ಷದ ಮತ ಎರಡನ್ನೂ ಮತಗಟ್ಟೆವಾರು ಪ್ರಕಟಿಸುತ್ತದೆ. ಜತೆಗೆ ಒಂದು ಪಕ್ಷಕ್ಕೆ ಮತ ಕೊಟ್ಟವರು ಯಾವ ಅಭ್ಯರ್ಥಿಗೆ ಕೊಟ್ಟರು ಎನ್ನುವ ‘ಸ್ಪ್ಲಿಟ್ ವೋಟ್’ ಕೋಷ್ಟಕವೂ ಇರುತ್ತದೆ. ಮೊದಲು ಕೈಗೆತ್ತಿಕೊಳ್ಳಬೇಕಾದ್ದು ಆ ಕೋಷ್ಟಕ. ಲೇಬರ್‌ಗೆ ಪಕ್ಷದ ಮತ ಕೊಟ್ಟ ಎಷ್ಟು ಜನ ಗ್ರೀನ್ ಅಭ್ಯರ್ಥಿಗೆ ಕೊಟ್ಟಿದ್ದಾರೆ ಎಂದು ಮೊದಲು ನೋಡಿ, ಆಮೇಲೆ ಅದನ್ನೇ ತಿರುವಿ ನೋಡಿ. ಮತಗಟ್ಟೆಯ ಸಂಖ್ಯೆಯನ್ನು ಮಾತ್ರ ಆ ಬೀದಿಯ ಅಭಿಪ್ರಾಯ ಎಂದುಕೊಳ್ಳಬಾರದು. ಈಗ ಬಹುಪಾಲು ಜನ ಚುನಾವಣೆಯ ದಿನಕ್ಕೆ ಮುಂಚೆಯೇ ಮತ ಹಾಕುತ್ತಾರೆ, ಅದೂ ಕೆಲಸದ ಜಾಗದ ಪಕ್ಕದಲ್ಲೋ ವಿಶ್ವವಿದ್ಯಾಲಯದ ಹತ್ತಿರದಲ್ಲೋ. ಸ್ಪೆಷಲ್ ವೋಟ್‌ನಲ್ಲಿ ಇನ್ನೊಂದು ತೊಡಕಿದೆ: ಮನೆ ಬದಲಿಸಿ ವಿಳಾಸ ಬದಲಿಸದವರ ಕೈಗೆ ತಪ್ಪು ಕ್ಷೇತ್ರದ ಮತಪತ್ರ ಸಿಕ್ಕರೆ ಅವರ ಪಕ್ಷದ ಮತ ಮಾತ್ರ ಎಣಿಕೆಗೆ ಬರುತ್ತದೆ, ಅಭ್ಯರ್ಥಿಯ ಮತ ಬಿದ್ದುಹೋಗುತ್ತದೆ. 600 ಮತಗಳಲ್ಲಿ ಸೋಲುಗೆಲುವು ತೀರ್ಮಾನವಾದ ಕ್ಷೇತ್ರದಲ್ಲಿ ಹೀಗೆ ಬಿದ್ದುಹೋದ ಮತಗಳ ಸಾಲನ್ನೂ ತೆರೆದು ನೋಡಿ.