ಸಿಂಗಾಪುರದ ಇನ್ನೊಂದು ಜಾತಕ

ಸಿಂಗಾಪುರದಲ್ಲಿ ಹಳೇ ರೈಲು ಹಳಿಯ ಜಾಡನ್ನೇ ಈಗ ನಡೆದಾಡುವ ದಾರಿ ಮಾಡಿದ್ದಾರೆ. ಸುಮಾರು 24 ಕಿಲೋಮೀಟರ್ ಉದ್ದ. ಬುಕಿಟ್ ತಿಮಾ ಹತ್ತಿರ ಕಬ್ಬಿಣದ ಸೇತುವೆ ದಾಟಿದೆ. ಅಲ್ಲೇ 1932ರ ಒಂದು ಪುಟ್ಟ ಸ್ಟೇಷನ್ ಇದೆ, ರೈಲು ಮಾತ್ರ ಇಲ್ಲ. ಮಜಾ ಏನೆಂದರೆ, 2011ರವರೆಗೂ ಈ ಹಳಿ ಮಲೇಷ್ಯಾ ರೈಲ್ವೆಯ ಕೈಯಲ್ಲೇ ಇತ್ತು. ದೇಶ ಬೇರೆಯಾಗಿ 46 ವರ್ಷ ಆದ ಮೇಲೂ!

1963ರ ಸೆಪ್ಟೆಂಬರಿನಲ್ಲಿ ಸಿಂಗಾಪುರ ಮಲೇಷ್ಯಾ ಸೇರಿತ್ತು. ಎರಡು ವರ್ಷ ತುಂಬುವ ಮೊದಲೇ ಸಂಬಂಧ ಹಳಸಿತು. ದುಡ್ಡಿನ ಲೆಕ್ಕದಲ್ಲಿ ಜಗಳ, ರಾಜಕೀಯದಲ್ಲಿ ಜಗಳ, ನಡುವೆ 1964ರಲ್ಲಿ ಮಲಯ–ಚೀನೀ ಗಲಭೆ ಬೇರೆ. 1965ರ ಆಗಸ್ಟ್ 9ರಂದು ಕೌಲಾಲಂಪುರದ ಸಂಸತ್ತು 126 ಮತಗಳಿಂದ ಸಿಂಗಾಪುರವನ್ನು ಹೊರಗಿಟ್ಟಿತು. ವಿರುದ್ಧ ಒಂದು ಮತವೂ ಬೀಳಲಿಲ್ಲ. ಸಿಂಗಾಪುರದ ಪ್ರಧಾನಿ ಲೀ ಕುವಾನ್ ಯೂ ಅವತ್ತು ಟಿವಿ ಕ್ಯಾಮೆರಾ ಮುಂದೆಯೇ ಅತ್ತುಬಿಟ್ಟರು. ಸ್ವಾತಂತ್ರ್ಯ ಸಿಕ್ಕಿತೆಂದು ಅಳುವ ನಾಯಕರು ಅಪರೂಪ ಅಲ್ವಾ?

ಅವತ್ತು ಬೇರೆಯಾಗದೇ ಇದ್ದಿದ್ದರೆ? ಇದಕ್ಕೆ ಊಹೆಯ ಉತ್ತರಗಳು ಬೇಕಾದಷ್ಟು ಸಿಗುತ್ತವೆ. ಕಣ್ಣಾರೆ ನೋಡಬೇಕೆಂದರೆ ಮಲೇಷ್ಯಾದಲ್ಲೇ ಉಳಿದ ದ್ವೀಪ ಪೆನಾಂಗ್‌ಗೆ ಹೋಗಬೇಕು. ನಾನು ಹೋಗಿದ್ದೂ ಅದಕ್ಕೇ.

ಎರಡೂ ಒಂದೇ ತಾಯಿಯ ಮಕ್ಕಳಿದ್ದಂತೆ. ಪೆನಾಂಗ್ ಹಿರಿಯದು. ಅಲ್ಲಿ ಬ್ರಿಟಿಷರು ಕಾಲಿಟ್ಟಿದ್ದು 1786ರಲ್ಲಿ, ಸಿಂಗಾಪುರದಲ್ಲಿ 1819ರಲ್ಲಿ. 1826ರಲ್ಲಿ ಮಲಕ್ಕಾವನ್ನೂ ಸೇರಿಸಿ ಒಂದೇ ಆಡಳಿತ ಮಾಡಿದಾಗ ಮೊದಲ ರಾಜಧಾನಿ ಪೆನಾಂಗ್. ಆರೇ ವರ್ಷಕ್ಕೆ ಆ ಪಟ್ಟ ಸಿಂಗಾಪುರಕ್ಕೆ ಹೋಯಿತು. ಎರಡೂ ಕಡೆ ಅದೇ ಚೀನೀ ವ್ಯಾಪಾರಿಗಳು, ಅದೇ ತಮಿಳು ಮುಸ್ಲಿಮರು, ಅದೇ ಸುಂಕವಿಲ್ಲದ ಬಂದರು.

ಬಟರ್‌ವರ್ತ್‌ನಿಂದ ಫೆರ್ರಿ ಹತ್ತಿ ಪೆನಾಂಗಿನ ಮುಖ್ಯ ಪೇಟೆ ಜಾರ್ಜ್ ಟೌನ್‌ನಲ್ಲಿ ಇಳಿದರೆ ಮೊದಲು ಸಿಗುವುದು ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಚೀನೀ ಕೇರಿಗಳು. ಹಲಗೆ ಹಾಸಿದ ಓಣಿ, ಸಂದಿಯಲ್ಲಿ ಇಣುಕಿದರೆ ಕೆಳಗೆ ಸಮುದ್ರ. ಬಾಗಿಲ ಪಕ್ಕ ಊದುಬತ್ತಿ ಹಚ್ಚಿದ ಕೆಂಪು ಗೂಡು. ಒಳಗೆ ಪೇಟೆಗೆ ನಡೆದರೆ ಸಾಲು ಸಾಲು ಹಳೇ ಅಂಗಡಿ ಮನೆಗಳು: ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಒಂದರ ಗೋಡೆಯಲ್ಲಿ ಸುಣ್ಣ ಉದುರಿ, ಇಟ್ಟಿಗೆ ಸಂದಿಯಿಂದ ಅಶ್ವತ್ಥದ ಸಸಿ ಎದ್ದಿತ್ತು. ಅದರ ಕೆಳಗೇ ಒಬ್ಬರು ಕುಳಿತು ಬೆತ್ತ ಹೆಣೆಯುತ್ತಿದ್ದರು. ಸಿಂಗಾಪುರದಲ್ಲೂ ಇಂಥ ಮನೆಗಳಿವೆ. ಆದರೆ ಸಾಲುಗಟ್ಟಲೆ ಕೆಡವಿ, ಉಳಿದವಕ್ಕೆ ಚೆನ್ನಾಗಿ ಬಣ್ಣ ಹೊಡೆದಿದ್ದಾರೆ. ಇಲ್ಲಿ ಇಷ್ಟೊಂದು ಉಳಿದಿದ್ದಕ್ಕೆ ದೊಡ್ಡ ಕಾರಣ ಪರಂಪರೆಯ ಮೇಲಿನ ಪ್ರೀತಿ ಏನಲ್ಲ. 1966ರ ಬಾಡಿಗೆ ನಿಯಂತ್ರಣ ಕಾಯ್ದೆ. ಬಾಡಿಗೆ ಜುಜುಬಿ, ಬಾಡಿಗೆದಾರರನ್ನು ಬಿಡಿಸುವ ಹಾಗಿಲ್ಲ. ಹಾಗಾಗಿ ಮಾಲೀಕರು ರಿಪೇರಿಯನ್ನೂ ಮಾಡಿಸಲಿಲ್ಲ, ಕೆಡವಲೂ ಇಲ್ಲ. ಕಾಯ್ದೆ ಹೋದ ಮೇಲೆ ಬಾಡಿಗೆ ಏರಿತು, ಎಷ್ಟೋ ಸಂಸಾರಗಳು ಖಾಲಿ ಮಾಡಿದವು. 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟ ಬಂತು. ಈಗ ಜಾಸ್ತಿ ಕಾಣುವುದು ಕೆಫೆಗಳೇ.

ಸುಂಕವಿಲ್ಲದ ಬಂದರು ಎಂಬ ಹೆಗ್ಗಳಿಕೆ ಪೆನಾಂಗ್‌ಗೆ ತಪ್ಪಿದ್ದು 1969ರಲ್ಲಿ. ತೀರ್ಮಾನ ಕೌಲಾಲಂಪುರದ್ದು. ವ್ಯಾಪಾರ ಕುಸಿಯಿತು, ನಿರುದ್ಯೋಗ ಏರಿತು. ಸಿಂಗಾಪುರ ಮಲೇಷ್ಯಾದ ಒಂದು ರಾಜ್ಯವಾಗಿ ಉಳಿದಿದ್ದರೆ ಇದೇ ಏಟು ಅದಕ್ಕೂ ಬೀಳಬಹುದಿತ್ತು. ಹಾಗಂತ ಅದು ಹಾಳೂರಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಪೆನಾಂಗ್ ಸುಮ್ನೆ ಕೂರಲಿಲ್ಲ. 1972ರಲ್ಲಿ ಬಾಯನ್ ಲೆಪಾಸ್‌ನಲ್ಲಿ ವಿದೇಶಿ ಕಾರ್ಖಾನೆಗಳಿಗೆ ಜಾಗ ಕೊಟ್ಟಿತು, ಇಂಟೆಲ್ ಬಂತು. ಇವತ್ತಿಗೂ ಚಿಪ್ ಕೆಲಸದಲ್ಲಿ ಈ ದ್ವೀಪಕ್ಕೆ ದೊಡ್ಡ ಹೆಸರು. ಅನುಕೂಲವಂತ ಊರೇ. ಆದರೆ ತನ್ನ ಬಂದರು, ತನ್ನ ನೋಟು, ತನ್ನ ಪಾಸ್‌ಪೋರ್ಟ್ ಯಾವುದೂ ತನ್ನ ಕೈಯಲ್ಲಿಲ್ಲದ ಊರು.

ಇನ್ನೊಂದು ಕಡೆಯಿಂದಲೂ ನೋಡಿ. ಸಿಂಗಾಪುರಕ್ಕೆ ಪಕ್ಕದ ಮಲೇಷ್ಯಾ ರಾಜ್ಯ ಜೊಹೋರ್‌ನಿಂದ ಪೈಪಿನಲ್ಲಿ ನೀರು ಬರುತ್ತದೆ. ಆ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಒಂದೇ ದೇಶವಾಗಿದ್ದರೆ ಈ ಭಯವೇ ಇರುತ್ತಿರಲಿಲ್ಲ. ಆಗ, ಸಿಂಗಾಪುರ ಈಗ ಮಾಡುವ ಹಾಗೆ, ಬಳಸಿದ ನೀರನ್ನು ಶುದ್ಧ ಮಾಡಿ ಮತ್ತೆ ಬಳಸುವ ತಲೆನೋವನ್ನು ಯಾರು ತಗೊಳ್ತಿದ್ದರು?

ಜಾರ್ಜ್ ಟೌನ್‌ನಲ್ಲಿ ಉಳಿದಿದ್ದ ಸಿಂಗಾಪುರ ಡಾಲರ್ ಬದಲಾಯಿಸಿದೆ. ಒಂದಕ್ಕೆ ಮೂರಕ್ಕಿಂತ ಜಾಸ್ತಿ ಮಲೇಷ್ಯಾ ರಿಂಗಿಟ್ ಸಿಕ್ಕಿತು. 1973ರವರೆಗೆ ಎರಡೂ ಸರಿಸಮ, ಒಂದಕ್ಕೆ ಒಂದು! ಕೌಂಟರಿನ ತಮಿಳು ಯಜಮಾನರಿಗೆ ಇದನ್ನು ಹೇಳಿದೆ. "ಗೊತ್ತು ತಂಬಿ, ನನ್ನ ಮಗ ಅಲ್ಲೇ ದುಡಿಯೋದು," ಅಂದರು. "ಮನೆ ಮಾತ್ರ ಇಲ್ಲಿ ಕಟ್ಟಿಸ್ತಿದ್ದಾನೆ. ಆ ಸಂಬಳದಲ್ಲಿ ಅಲ್ಲಿ ಕಟ್ಟೋಕಾಗುತ್ತಾ?"